ಇಲ್ಲದ ರೋಗಕ್ಕೆ ಮದ್ದು ಮಾರಿದವರು

ಮನೆಯ ಕಂಪ್ಯೂಟರಿನಲ್ಲಿ ಹಾಡನ್ನೋ ಪರೀಕ್ಷೆಯ ಫಲಿತಾಂಶವನ್ನೋ ಹುಡುಕುತ್ತಿರುವಾಗ ತಟ್ಟನೆ ಪರದೆ ಕೆಂಪಾಗುತ್ತದೆ. ಸೈರನ್ ಕೂಗುತ್ತದೆ. ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಬ್ಯಾಂಕಿನ ವಿವರ ಕಳುವಾಗುತ್ತಿದೆ, ಕಂಪ್ಯೂಟರನ್ನು ಆರಿಸಬೇಡಿ, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಎಂಬ ಮಾತುಗಳು ಇಂಗ್ಲಿಷಿನಲ್ಲಿ ಮೂಡುತ್ತವೆ. ಮಾಲೂರಿನಂಥ ಊರಿನಲ್ಲಿ ಉರ್ದು, ಕನ್ನಡ ಶಾಲೆಗಳಲ್ಲಿ ಕಲಿತ ನಮಗೆ ಇಂಗ್ಲಿಷ್ ಎಂದರೆ ಬ್ಯಾಂಕಿನ ನೋಟಿಸು, ವಕೀಲರ ಪತ್ರ, ಆಸ್ಪತ್ರೆಯ ರಿಪೋರ್ಟು. ಪೂರ್ತಿ ಅರ್ಥವಾಗದಿದ್ದರೂ ಹೆದರಬೇಕೆಂಬುದು ಮಾತ್ರ ಅರ್ಥವಾಗುತ್ತದೆ. ಈ ಹೆದರಿಕೆಗೂ ಒಂದು ಚರಿತ್ರೆಯಿದೆ.

ಅದು ಶುರುವಾಗುವುದು ನಮ್ಮದೇ ಉಪಖಂಡದಲ್ಲಿ. 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸಹೋದರರು 'ಬ್ರೇನ್' ಎಂಬ ವೈರಸ್ ಬರೆದರು. ಐಬಿಎಂ ಮಾದರಿಯ ಪರ್ಸನಲ್ ಕಂಪ್ಯೂಟರುಗಳಿಗೆ ಹರಡಿದ ಮೊದಲ ವೈರಸ್ ಎಂದು ಅದನ್ನು ಗುರುತಿಸುತ್ತಾರೆ. ತಾವು ಬರೆದ ಸಾಫ್ಟ್‌ವೇರನ್ನು ಕದ್ದು ನಕಲು ಮಾಡುವವರನ್ನು ಹಿಡಿಯಲು ಹೀಗೆ ಮಾಡಿದೆವೆಂದು ಅವರು ಹೇಳಿದರು. ವಿಶೇಷವೆಂದರೆ, ವೈರಸ್ಸಿನೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು ಎಲ್ಲವನ್ನೂ ಬರೆದು, ಲಸಿಕೆ ಬೇಕಿದ್ದರೆ ಸಂಪರ್ಕಿಸಿ ಎಂದಿದ್ದರು. ಅಲ್ಲಿ ರೋಗವೂ ನಿಜ, ವಿಳಾಸವೂ ನಿಜ.

ರೋಗಕ್ಕಿಂತ ರೋಗದ ಭಯ ದೊಡ್ಡದೆಂದು ಜಗತ್ತಿಗೆ ತಿಳಿದದ್ದು 1992ರಲ್ಲಿ. ಮಾರ್ಚ್ 6ರಂದು 'ಮೈಕೆಲೇಂಜೆಲೊ' ವೈರಸ್ ಲಕ್ಷಾಂತರ ಕಂಪ್ಯೂಟರುಗಳನ್ನು ಹಾಳುಮಾಡಲಿದೆ ಎಂದು ಪತ್ರಿಕೆ, ಟಿವಿಗಳು ಬೊಬ್ಬೆ ಹಾಕಿದವು. ಐವತ್ತು ಲಕ್ಷ ಎಂದವರೂ ಇದ್ದರು. ಆ ದಿನ ಬಂದು ಹೋಯಿತು. ಹಾಳಾದವು ಅದರ ಒಂದು ಸಣ್ಣ ಪಾಲು ಮಾತ್ರ. ಆದರೆ ಭಯವಿದ್ದಲ್ಲಿ ಗಿರಾಕಿ ಇದ್ದಾನೆಂಬ ಪಾಠವನ್ನು ಕೆಲವರು ಕಲಿತುಕೊಂಡರು.

ನಮ್ಮ ಕಡೆಗೆ ಮನೆಯ ಕಂಪ್ಯೂಟರ್ ಬಂದದ್ದು ಆಮೇಲೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೂಡಿಸಿ ಕಟ್ಟಿಸಿಕೊಂಡ ಯಂತ್ರ, ನಕಲು ಸಿ.ಡಿ.ಯಿಂದ ಹಾಕಿದ ವಿಂಡೋಸ್. ಪೆನ್ ಡ್ರೈವಿನ ಮೂಲಕ ಸೈಬರ್ ಕೆಫೆಯಿಂದ ಮನೆಗೆ, ಮನೆಯಿಂದ ಸ್ಟುಡಿಯೋಗೆ ವೈರಸ್ ಹರಡುತ್ತಿತ್ತು. ಮದುವೆಯ ಫೋಟೋ, ಮಕ್ಕಳ ಪ್ರಾಜೆಕ್ಟು ಕಳೆದುಕೊಂಡವರು ಎಲ್ಲ ಊರಲ್ಲೂ ಇದ್ದರು. ಆದ್ದರಿಂದ ಪರದೆಯ ಮೇಲಿನ ಎಚ್ಚರಿಕೆಯನ್ನು ನಂಬಿದವರನ್ನು ದಡ್ಡರೆನ್ನಲಾಗದು. ಸುಳ್ಳು ಬೇರೂರಿದ್ದು ಅವರ ನಿಜವಾದ ಅನುಭವದ ಮಣ್ಣಿನಲ್ಲಿ.

ಇದೇ ಹೊತ್ತಿಗೆ ಸುಳ್ಳು ಎಚ್ಚರಿಕೆ ಒಂದು ಉದ್ಯಮವಾಯಿತು. 'ವಿನ್‌ಫಿಕ್ಸರ್', 'ಎಕ್ಸ್‌ಪಿ ಆಂಟಿವೈರಸ್' ಎಂಬ ಹೆಸರುಗಳಲ್ಲಿ ಪರದೆಯ ಮೇಲೆ ತಪಾಸಣೆಯ ನಾಟಕ ನಡೆಯುತ್ತಿತ್ತು. ಇಲ್ಲದ ವೈರಸ್ಸುಗಳ ಪಟ್ಟಿ ತೋರಿಸಿ ಮದ್ದಿಗೆ ಸುಮಾರು 40 ಡಾಲರ್ ಕೇಳುತ್ತಿದ್ದರು. 2008ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಜಾಲವನ್ನು ಕೋರ್ಟಿಗೆಳೆಯಿತು. ಮೋಸಹೋದವರು ಹತ್ತು ಲಕ್ಷಕ್ಕೂ ಹೆಚ್ಚು ಎಂದಿತು. ಇನ್ನೋವೇಟಿವ್ ಮಾರ್ಕೆಟಿಂಗ್ ಎಂಬ ಆ ಕಂಪನಿಯ ನೋಂದಣಿ ಬೆಲೀಜ್‌ನಲ್ಲಿ, ಕಚೇರಿ ಉಕ್ರೇನಿನ ಕೀವ್‌ನಲ್ಲಿ. 2012ರಲ್ಲಿ ಕೋರ್ಟು ಪ್ರತಿವಾದಿಯೊಬ್ಬರ ಮೇಲೆ 16.3 ಕೋಟಿ ಡಾಲರಿನ ತೀರ್ಪು ಕೊಟ್ಟಿತು. ನಿಮ್ಮ ಮನೆಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದು ಮೊದಲು ಹೆದರಿಸಿ, ಆಮೇಲೆ ತಾಯಿತ ಮಾರುವವನ ಕಸುಬು ಇದಕ್ಕಿಂತ ಬೇರೆಯಲ್ಲ.

ಮುಂದೆ ಮದ್ದಿನ ಬದಲು ಫೋನ್ ನಂಬರು ಬಂತು. ಕರೆ ಮಾಡಿದರೆ ಮೈಕ್ರೋಸಾಫ್ಟಿನವರು ಎಂದುಕೊಳ್ಳುವ ಒಬ್ಬ ವಿನಯದಿಂದ ಮಾತಾಡಿ, ಕಂಪ್ಯೂಟರಿನ ಹಿಡಿತ ತೆಗೆದುಕೊಂಡು, ದುಡ್ಡು ಕೇಳುತ್ತಾನೆ. ಅದೇ ಕಮಿಷನ್ 2012ರಲ್ಲಿ ಕೈಗೊಂಡ ಕ್ರಮದಲ್ಲಿ ಇಂಥ ಜಾಲಗಳು ಹೆಚ್ಚಾಗಿ ಭಾರತದಲ್ಲಿದ್ದುದು ಬಯಲಾಯಿತು. 2025ರ ನವೆಂಬರಿನಲ್ಲಿ ಈ ಕತೆ ನಮ್ಮ ಹತ್ತಿರಕ್ಕೇ ಬಂತು. ಮಾಲೂರಿನಿಂದ ಬೆಂಗಳೂರಿಗೆ ಹೋಗುವ ರೈಲುದಾರಿಯಲ್ಲಿರುವ ವೈಟ್‌ಫೀಲ್ಡ್‌ನ ಕಚೇರಿಯೊಂದರ ಮೇಲೆ ಪೊಲೀಸರು ದಾಳಿಮಾಡಿ 21 ಮಂದಿಯನ್ನು ಬಂಧಿಸಿದರು. ಸುಳ್ಳು ಎಚ್ಚರಿಕೆ ತೋರಿಸಿ, ಮೈಕ್ರೋಸಾಫ್ಟಿನ ಹೆಸರಿನಲ್ಲಿ ವಿದೇಶಿಯರನ್ನು ವಂಚಿಸುತ್ತಿದ್ದರೆಂಬುದು ಆರೋಪ. ಸತ್ಯಾಸತ್ಯ ತೀರ್ಮಾನಿಸುವುದು ನ್ಯಾಯಾಲಯ. ಆದರೆ ಕೆಲಸ ಹುಡುಕಿಕೊಂಡು ನಗರಕ್ಕೆ ಬರುವ ಯುವಕರಿಗೆ ಸಂಬಳ ಕೊಟ್ಟು ಸುಳ್ಳು ಹೇಳಿಸುವ ವ್ಯವಸ್ಥೆಯ ಬಗ್ಗೆ ತಂದೆತಾಯಂದಿರು ಯೋಚಿಸಲೇಬೇಕು. ಕಂಪ್ಯೂಟರ್ ಮೂಲಕ ಇನ್ನೊಬ್ಬರ ಸೋಗು ಹಾಕಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನ ಪ್ರಕಾರ 3 ವರ್ಷದವರೆಗೆ ಸೆರೆ, 1 ಲಕ್ಷದವರೆಗೆ ದಂಡವಿದೆ.

ಈ ಭಯ ಈಗ ಇನ್ನೊಂದು ವೇಷ ತೊಟ್ಟಿದೆ. ವಿಡಿಯೋ ಕರೆಯಲ್ಲಿ ಪೊಲೀಸ್ ಸಮವಸ್ತ್ರ ತೋರಿಸಿ 'ಡಿಜಿಟಲ್ ಅರೆಸ್ಟ್' ಎನ್ನುತ್ತಾರೆ. ಅಂಥ ಬಂಧನ ಕಾನೂನಿನಲ್ಲಿ ಇಲ್ಲವೆಂದು 2024ರಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಹೇಳಬೇಕಾಯಿತು. ನಮ್ಮ ಸಮುದಾಯದ ಮನೆಗಳಲ್ಲಿ ಪೊಲೀಸ್ ಎಂಬ ಮಾತಿಗೆ ಬೇರೆಯೇ ತೂಕವಿದೆ. ಮಗನ ಹೆಸರು ಯಾವುದೋ ಕೇಸಿನಲ್ಲಿದೆ ಎಂದರೆ ತಾಯಿ ನಿಜವೇ ಎಂದು ವಿಚಾರಿಸುವ ಮುಂಚೆ ಒಡವೆಯ ಡಬ್ಬಿಯನ್ನು ನೆನೆಯುತ್ತಾಳೆ. ವಂಚಕರಿಗೆ ಬೇಕಾದದ್ದು ಈ ಅವಸರವೇ.

ಇಷ್ಟಕ್ಕೂ ಆ ಕೆಂಪು ಪರದೆ ಬರೀ ಚಿತ್ರ. ಬ್ರೌಸರಿನಲ್ಲಿ ತೆರೆದ ಪುಟಕ್ಕೆ ನಮ್ಮ ಕಂಪ್ಯೂಟರಿನ ಕಡತಗಳನ್ನು ತಪಾಸಣೆ ಮಾಡುವ ಶಕ್ತಿಯಿಲ್ಲ. ಪರದೆ ತುಂಬಿಕೊಂಡರೆ ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಿರಿ. ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ನಿಲ್ಲಿಸಿ. ಮತ್ತೆ ತೆರೆದಾಗ ಹಳೆಯ ಪುಟವನ್ನು ಕರೆಯಬೇಡಿ. ಮೂಲೆಯಲ್ಲಿ ಪದೇಪದೇ ಎಚ್ಚರಿಕೆ ಇಣುಕುತ್ತಿದ್ದರೆ, ಯಾವುದೋ ಪುಟಕ್ಕೆ ಹಿಂದೆ 'ಅಲೋ' ಎಂದು ಒತ್ತಿರಬಹುದು. ಬ್ರೌಸರಿನ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ ವಿಭಾಗದಲ್ಲಿ ಆ ಅನುಮತಿ ತೆಗೆಯಿರಿ. ಈಗಿನ ವಿಂಡೋಸ್‌ನಲ್ಲಿ ಡಿಫೆಂಡರ್ ಎಂಬ ರಕ್ಷಣೆ ಜೊತೆಗೇ ಬರುತ್ತದೆ. ಅನುಮಾನವಿದ್ದರೆ ಅದರಿಂದಲೇ ತಪಾಸಣೆ ಮಾಡಿ. ಯಂತ್ರದ ಹಿಡಿತವನ್ನು ಕೊಟ್ಟುಬಿಟ್ಟಿದ್ದರೆ ಇಂಟರ್ನೆಟ್ ಕಡಿದು, ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಬ್ಯಾಂಕಿಗೂ 1930 ಸಹಾಯವಾಣಿಗೂ ತಡಮಾಡದೆ ತಿಳಿಸಿ.

ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಬೇಡಿ ಎಂಬ ಬೋಧನೆಯನ್ನು ನಾವು ಮದ್ರಸದಲ್ಲೂ ಶಾಲೆಯಲ್ಲೂ ಕೇಳಿ ಬೆಳೆದವರು. ಮೋಸಹೋದವರು ನಾಚಿಕೆಯಿಂದ ಸುಮ್ಮನಾದರೆ ಆ ಮೋಸ ಪಕ್ಕದ ಮನೆಗೆ ದಾಟುತ್ತದೆ. ನಮ್ಮ ಮೊಹಲ್ಲಾಗಳಲ್ಲಿ ಇದರ ಬಗ್ಗೆ ಕನ್ನಡದಲ್ಲೂ ಉರ್ದುವಿನಲ್ಲೂ ಮಾತು ನಡೆಯಲಿ.