ಅಕ್ಷರಕ್ಕೊಂದು ಅರ್ಜಿ: ಕನ್ನಡ ತಂತ್ರಾಂಶ ಮತ್ತು ಬಳಕೆದಾರರ ಕೋರಿಕೆ

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟ 1894ರಲ್ಲಿ ಹೊರಬಂತು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ತಲಕಾಡಿನ ಗಂಗರ ಕಾಲದ ಕನ್ನಡವನ್ನು ಬರೆಯಲು ಱ, ೞ ಅಕ್ಷರಗಳು ಬೇಕು. ನಂಜನಗೂಡಿನ ಹೆಸರುವಾಸಿ ಬಾಳೆ ಕೂಡ ಹಳಗನ್ನಡದಲ್ಲಿ ಬಾೞೆ. ಅಚ್ಚಿನ ಕಾಲದಲ್ಲಿ ಅಕ್ಷರವೊಂದು ಇಲ್ಲವಾದರೆ ಹೊಸ ಮೊಳೆ ಮಾಡಿಸಿದರೆ ಕೆಲಸ ನಡೆಯುತ್ತಿತ್ತು. ಇಂದು ಅದೇ ಪಾಠವನ್ನು ಕಂಪ್ಯೂಟರಿಗೆ ಏರಿಸುವವರಿಗೆ ಅಷ್ಟು ಸಾಲದು. ಅಕ್ಷರ ಮೊದಲು ಜಾಗತಿಕ ಸಂಕೇತಪಟ್ಟಿಯಲ್ಲಿರಬೇಕು, ಆಮೇಲೆ ಫಾಂಟಿನಲ್ಲಿ, ಕೀಲಿಮಣೆಯಲ್ಲಿ, ಫೋನಿನಲ್ಲಿ. ಒಂದೊಂದನ್ನೂ ಮಾಡುವವರು ಬೇರೆ ಬೇರೆ. ಪ್ರತಿಯೊಬ್ಬರನ್ನೂ ಕೇಳಿಯೇ ಪಡೆಯಬೇಕು. ಹೀಗೆ ಕೇಳುವ ದಾರಿ ತೆರೆದುಕೊಂಡ ಬಗೆಯನ್ನು ಗಮನಿಸದೆ ಕನ್ನಡ ತಂತ್ರಾಂಶದ ಚರಿತ್ರೆ ಪೂರ್ತಿಯಾಗದು.

ಮೊದಲ ಘಟ್ಟದಲ್ಲಿ ದಾರಿ ಎಂದರೆ ತಂತ್ರಾಂಶ ಮಾಡಿದವರ ಪರಿಚಯ. ಕೆ.ಪಿ. ರಾವ್ ಕನ್ನಡಕ್ಕೆ ಧ್ವನಿಗೆ ಹೊಂದುವ ಕೀಲಿಮಣೆ ವಿನ್ಯಾಸ ರೂಪಿಸಿದರು; ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದನ್ನೇ ಅನುಸರಿಸಿತು. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ‘ಬರಹ’ವನ್ನು ಕೊಟ್ಟರು. ಡಿಟಿಪಿ ಅಂಗಡಿಗಳಲ್ಲಿ ಶ್ರೀಲಿಪಿ, ಆಕೃತಿ, ಪ್ರಕಾಶಕ್ ನಡೆಯುತ್ತಿದ್ದವು. ಇವುಗಳ ಅಕ್ಷರ ಸಂಕೇತಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಂದರಲ್ಲಿ ಕೂರಿಸಿದ ಪುಟ ಇನ್ನೊಂದರಲ್ಲಿ ಅರ್ಥವಾಗದ ಚಿಹ್ನೆಗಳ ಸಾಲಾಗುತ್ತಿತ್ತು. ಆಗ ಬಳಕೆದಾರರ ದೊಡ್ಡ ಬೇಡಿಕೆ ಹೊಸ ಸೌಲಭ್ಯವಲ್ಲ. ಬರೆದದ್ದು ಎಲ್ಲೆಡೆ ಓದಲು ಬರಲಿ ಎಂಬುದಷ್ಟೇ. ಯಾವ ಒಬ್ಬ ತಯಾರಕನೂ ತಾನಾಗಿ ಈಡೇರಿಸಲಾಗದ ಬೇಡಿಕೆ ಅದು.

ಅದಕ್ಕೆ ಉತ್ತರ ಮೇಲೆ ಹೇಳಿದ ಜಾಗತಿಕ ಸಂಕೇತಪಟ್ಟಿ, ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಆದರೆ ಅದು ಜನರ ಕೈಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ ಬಂದಾಗ. ಆಂಡ್ರಾಯ್ಡ್ ಫೋನುಗಳಲ್ಲಂತೂ 2012ರ 4.1 ಆವೃತ್ತಿಯವರೆಗೆ ಕಾಯಬೇಕಾಯಿತು. ಕಂಪನಿಗಳ ಯೋಜನೆ ಕಂಪನಿಯೊಳಗೇ ಉಳಿದರೆ ಒಂದು ಭಾಷೆಯ ಜನ ಎಷ್ಟು ಕಾಲ ಕಾಯಬೇಕಾಗುತ್ತದೆ ಎಂಬುದಕ್ಕೆ ಈ ಎರಡು ಇಸವಿಗಳೇ ಸಾಕ್ಷಿ.

ಯೂನಿಕೋಡ್ ಒಕ್ಕೂಟದ ರೀತಿ ಬೇರೆ, ನನಗೆ ಅದರ ಮೇಲೆ ಗೌರವವಿದೆ. ಮುಂದೆ ಯಾವ ಲಿಪಿಗೆ ಎಲ್ಲಿ ಜಾಗ ಕಾದಿರಿಸಿದೆ ಎಂಬ ಯೋಜನಾ ನಕ್ಷೆಯನ್ನು ಅದು ಬಹಿರಂಗವಾಗಿ ಇಡುತ್ತದೆ. ಒಪ್ಪಿಗೆ ಪಡೆದು ಸೇರ್ಪಡೆಗೆ ಕಾದಿರುವ ಅಕ್ಷರಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ. ಪ್ರಸ್ತಾವವನ್ನು ಯಾರು ಬೇಕಾದರೂ ಕಳುಹಿಸಬಹುದು, ಆದರೆ ಆಧಾರ ಬೇಕು: ಅಕ್ಷರ ಬಳಕೆಯಾದ ಪುಟದ ಚಿತ್ರ, ಗ್ರಂಥದ ಹೆಸರು, ಬರೆಯುವ ಕ್ರಮ. ಪ್ರತಿ ಪ್ರಸ್ತಾವಕ್ಕೂ ದಾಖಲೆ ಸಂಖ್ಯೆ ಬೀಳುತ್ತದೆ. ಸಭೆಯ ತೀರ್ಮಾನ ಎಲ್ಲರಿಗೂ ಓದಲು ಸಿಗುತ್ತದೆ.

ಕನ್ನಡಕ್ಕೆ ಈ ದಾರಿಯಲ್ಲಿ ಬಂದದ್ದು ಕಡಿಮೆಯಲ್ಲ. ಜ಼, ಫ಼ ಬರೆಯಲು ಬೇಕಾದ ನುಕ್ತ 2003ರಲ್ಲಿ ಸೇರಿತು. ಹಳೆಯ ಬರಹದಲ್ಲಿ ಸ್ವರವಿಲ್ಲದ ನಕಾರಕ್ಕಿದ್ದ ವಿಶೇಷ ರೂಪ, ನಕಾರ ಪೊಲ್ಲು, 2021ರಲ್ಲಿ ಬಂತು. ಕನ್ನಡ ಲಿಪಿಯಲ್ಲಿ ಬರೆಯುವ ಕೊಂಕಣಿಗೆ ಬೇಕಿದ್ದ ಅನುಸ್ವಾರದ ಚಿಹ್ನೆ 2022ರಲ್ಲಿ ಬಂತು. ವೈಷ್ಣವಿ ಮೂರ್ತಿ ಮತ್ತಿತರರ ದೀರ್ಘ ಶ್ರಮದಿಂದ ತುಳು-ತಿಗಳಾರಿ ಲಿಪಿ 2024ರ 16ನೇ ಆವೃತ್ತಿಯನ್ನು ಸೇರಿತು.

ಈಡೇರದ ಕೋರಿಕೆಯೂ ಉಂಟು. ಅದೇ ೞ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಪ್ರಕಟವಾದ ಹೆಸರನ್ನು ಬದಲಿಸುವುದಿಲ್ಲ ಎಂಬುದು ಒಕ್ಕೂಟದ ನಿಯಮ, ಏಕೆಂದರೆ ಆ ಹೆಸರನ್ನು ನಂಬಿ ಲೆಕ್ಕವಿಲ್ಲದಷ್ಟು ತಂತ್ರಾಂಶಗಳು ನಡೆಯುತ್ತಿವೆ. ಹಾಗೆಂದು ದೂರನ್ನು ಮೂಲೆಗೆ ಸರಿಸಲಿಲ್ಲ: ಸರಿಯಾದ ಹೆಸರನ್ನು ಅಧಿಕೃತ ಪರ್ಯಾಯವಾಗಿ ದಾಖಲಿಸಿ, ಕಾರಣವನ್ನೂ ತಿಳಿಸಿದರು. ಆಗದು ಎನ್ನುವಾಗ ಏಕೆ ಆಗದು ಎಂದು ಬರೆದಿಡುವುದು ಬಳಕೆದಾರನಿಗೆ ಸಲ್ಲುವ ಮರ್ಯಾದೆ. ‘ರ‍್ಯಾಂಕ್’ ಎಂದು ಬರೆಯಹೋದರೆ ಅರ್ಕಾವೊತ್ತು ಬಂದು ‘ರ್ಯಾಂಕ್’ ಆಗುವ ತೊಡಕಿಗೂ ಹೀಗೆಯೇ, ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸುವ ನಿಯಮ ಗೊತ್ತಾಯಿತು.

ಮುಕ್ತ ತಂತ್ರಾಂಶದವರು ಈ ಪದ್ಧತಿಯನ್ನು ದಿನನಿತ್ಯದ ಕೆಲಸಕ್ಕೆ ತಂದರು. ಮೊಜಿಲ್ಲಾದ ಬಗ್‌ಜಿಲ್ಲಾ 1998ರಿಂದ ದೋಷಗಳನ್ನೂ ಕೋರಿಕೆಗಳನ್ನೂ ಎಲ್ಲರೆದುರೇ ದಾಖಲಿಸುತ್ತ ಬಂದಿದೆ. ವಿಕಿಮೀಡಿಯಾ 2015ರಿಂದ ಸಮುದಾಯದ ಬಯಕೆಗಳನ್ನು ಸಂಗ್ರಹಿಸಿ ಮತಕ್ಕೆ ಹಾಕಿತು. ಮತದ ಪದ್ಧತಿಯಲ್ಲಿ ಒಂದು ಅಪಾಯವಿದೆ: ಕನ್ನಡದಂಥ ಭಾಷೆಯ ಬಳಕೆದಾರರು ಇಂಗ್ಲಿಷಿನವರಷ್ಟು ಮತ ಹಾಕಲಾರರು. ಹತ್ತು ಜನ ಓದುವ ಶಾಸನಕ್ಕೂ ಅಕ್ಷರ ಬೇಕೇ ಬೇಕು. ಇಲ್ಲಿ ಎಣಿಕೆಗಿಂತ ಆಧಾರವನ್ನು ನೋಡುವ ಯೂನಿಕೋಡ್ ರೀತಿಯೇ ಮೇಲು ಎಂದು ನನ್ನ ತೀರ್ಮಾನ.

ಇನ್ನು ಸರಕಾರದ ತಂತ್ರಾಂಶ. ನಂಜನಗೂಡು, ತಿ. ನರಸೀಪುರದ ರೈತರಿಗೆ ತಂತ್ರಾಂಶ ಎಂದರೆ ಮೊದಲು ನೆನಪಾಗುವುದು ಪಹಣಿ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ರೂಪಿಸಿದ ‘ಭೂಮಿ’ಯಿಂದಾಗಿ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಕಂಪ್ಯೂಟರ್ ಪಹಣಿ ಸಿಗತೊಡಗಿತು, ಕೈಬರಹದ ಪಹಣಿಗೆ ಗ್ರಾಮಲೆಕ್ಕಿಗರ ಹಿಂದೆ ಅಲೆಯುವುದು ತಪ್ಪಿತು. 2020ರಲ್ಲಿ ರೈತರೇ ತಮ್ಮ ಹೊಲದ ಬೆಳೆ ದಾಖಲಿಸುವ ಆ್ಯಪ್ ಬಂತು. ದಾಖಲಾದದ್ದನ್ನು ನೋಡಿ ಆಕ್ಷೇಪಣೆ ಸಲ್ಲಿಸಲು ‘ಬೆಳೆ ದರ್ಶಕ್’ ಬಂತು. ಇದು ದೊಡ್ಡ ಹೆಜ್ಜೆಯೇ. ಆದರೆ ಆಕ್ಷೇಪಣೆ ಇರುವುದು ಮಾಹಿತಿಯ ಮೇಲೆ, ತಂತ್ರಾಂಶದ ಮೇಲಲ್ಲ. ನಾಲೆಯ ಬಯಲಿನ ಗದ್ದೆಯಲ್ಲಿ ಬದುವಿಗೆ ಬೇರೆ ಬೆಳೆ ಇಟ್ಟವನು ‘ಇದನ್ನು ದಾಖಲಿಸಲು ಹೀಗೊಂದು ಸೌಲಭ್ಯ ಕೊಡಿ’ ಎಂದರೆ ಆ ಮಾತಿಗೂ ಒಂದು ಸಂಖ್ಯೆ ಬೀಳಬೇಕು. ಅದು ಮುಂದಿನ ಹಂಗಾಮಿಗೆ ಬರುತ್ತದೋ ಇಲ್ಲವೋ, ಬಾರದಿದ್ದರೆ ಏಕೆ ಎಂಬುದು ಕನ್ನಡದಲ್ಲಿ ಅವನಿಗೆ ತಿಳಿಯಬೇಕು. ಜನರ ತೆರಿಗೆಯಲ್ಲಿ ಆಗುವ ತಂತ್ರಾಂಶದ ಮುಂದಿನ ಯೋಜನೆಯನ್ನು ಇಲಾಖೆಗಳು ಪ್ರತಿ ವರ್ಷ ಪ್ರಕಟಿಸಲಿ, ಕೋರಿಕೆಗಳ ವಹಿಯನ್ನು ತೆರೆದಿಡಲಿ.

ಈ ಎರಡು ತಾಲ್ಲೂಕುಗಳ ಶಾಸನಾಸಕ್ತರಲ್ಲೂ ಅಧ್ಯಾಪಕರಲ್ಲೂ ಒಂದು ಮಾತು. ಕಲ್ಲಿನಲ್ಲೋ ತಾಳೆಗರಿಯಲ್ಲೋ ಹಳೆಯ ಮುದ್ರಿತ ಪುಸ್ತಕದಲ್ಲೋ ಕಂಪ್ಯೂಟರಿನಲ್ಲಿ ಇಲ್ಲದ ಗುರುತು ಕಂಡರೆ ಚಿತ್ರ ತೆಗೆಯಿರಿ, ಊರು, ಕಾಲ, ಪುಟಸಂಖ್ಯೆ ಬರೆದಿಡಿ, ಪ್ರಸ್ತಾವ ಕಳುಹಿಸಿ. ಯೂನಿಕೋಡಿಗೆ ಪ್ರಸ್ತಾವ ಸಲ್ಲಿಸಲು ಶುಲ್ಕವಿಲ್ಲ. ಒಕ್ಕೂಟದ ಸದಸ್ಯರಾಗಿರಬೇಕೆಂಬ ನಿಯಮವೂ ಇಲ್ಲ.