ಆಟದ ಬಯಲಿಗೆ ಒಡೆಯರು ಯಾರು?

ಬಂಗಾರಪೇಟೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವುದು ನನ್ನ ವೃತ್ತಿ. 2025ರ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಒಂದು ದಿನ ವಿಜಯನಗರ ಕಾಲದ ತಾಮ್ರಶಾಸನವೊಂದನ್ನು ತರಗತಿಯಲ್ಲಿ ಬಿಡಿಸಿ ಹೇಳಿ ಹೊರಗೆ ಬಂದೆ. ಮಾರಿಕುಪ್ಪದಿಂದ ದಿನವೂ ರೈಲಿನಲ್ಲಿ ಬರುವ ಹುಡುಗನೊಬ್ಬ ನನ್ನ ಹಿಂದೆಯೇ ಬಂದ. ಅವನ ಮುಖ ಬಾಡಿತ್ತು. ಶಾಸನ ಅರ್ಥವಾಗಲಿಲ್ಲವೇನೋ ಎಂದುಕೊಂಡೆ. ವಿಷಯ ಅದಾಗಿರಲಿಲ್ಲ. ಬೆಂಗಳೂರು ಎಫ್.ಸಿ. ಎಂಬ ಫುಟ್‌ಬಾಲ್ ಕ್ಲಬ್ಬು ತನ್ನ ಮೊದಲ ತಂಡದ ಆಟಗಾರರಿಗೂ ಸಿಬ್ಬಂದಿಗೂ ಸಂಬಳ ಕೊಡುವುದನ್ನು ಅನಿರ್ದಿಷ್ಟ ಕಾಲದವರೆಗೆ ನಿಲ್ಲಿಸಿರುವುದಾಗಿ ಆ ವಾರ ಪ್ರಕಟಿಸಿತ್ತು.

"ಸಾರ್, ನಮ್ಮ ಕ್ಲಬ್ಬನ್ನು ಮಾರಿಬಿಟ್ಟರೆ ನಾವೇನು ಮಾಡಬೇಕು?" ಎಂದು ಅವನು ಕೇಳಿದ.

ಮಾರಾಟದ ಸುದ್ದಿ ಆ ಪ್ರಕಟಣೆಯಲ್ಲಿರಲಿಲ್ಲ. ಆದರೆ ಭಯ ಹುಟ್ಟುವುದಕ್ಕೆ ಅಷ್ಟು ಸಾಲದೇ? ನನಗೆ ಮೊದಲು ನಗು ಬಂದಿತು. "ನಮ್ಮ ಕ್ಲಬ್ಬು" ಎಂದನಲ್ಲ! ಅದರಲ್ಲಿ ಇವನ ಹಣ ಒಂದು ಪೈಸೆಯೂ ಇಲ್ಲ. ಹಾಗೆ ನೋಡಿದರೆ ಇವನೇ ರೈಲಿನ ಚಾರ್ಜು ಕೊಟ್ಟು, ಟಿಕೆಟ್ಟಿಗೆ ದುಡ್ಡು ತೆತ್ತು, ನೀಲಿ ಅಂಗಿ ಕೊಂಡು, ಕಂಠೀರವ ಕ್ರೀಡಾಂಗಣಕ್ಕೆ ಹೋಗಿ ಗಂಟಲು ಹರಿಯುವಂತೆ ಕೂಗಿ, ಮಧ್ಯರಾತ್ರಿ ಮನೆ ಸೇರುವವನು. ಆದರೆ ಮನೆಯ ದಾರಿ ಹಿಡಿದ ಮೇಲೆ ನನ್ನ ನಗು ನಿಂತಿತು. ಇದೇ ಪ್ರಶ್ನೆಯನ್ನು ನಾನು ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿಯೇ ಕೇಳಿದ್ದೆ. ಕೋಲಾರ ಚಿನ್ನದ ಗಣಿಯ ಜನ ಈ ಪ್ರಶ್ನೆಯನ್ನು ಒಂದು ಸಲವಲ್ಲ, ನಾಲ್ಕು ಸಲ ಎದುರಿಸಿದವರು.

ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. 1802ರ ಸುಮಾರಿಗೆ ಮೈಸೂರು ಸೀಮೆಯ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬಾತ ಇಲ್ಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ಬರೆದಿಟ್ಟ. ಆ ಬರಹವನ್ನು ಓದಿ, ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಸಿಪಾಯಿ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಗಣಿಯ ಹಕ್ಕು ಪಡೆದ. ಅವನ ಕೈಯಲ್ಲಿ ಅದು ನಿಲ್ಲಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಸಂಸ್ಥೆ ಗಣಿಗಳ ಆಡಳಿತಕ್ಕೆ ಬಂದಿತು. ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರು ಹೊತ್ತಿದ್ದ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ, ಗಣಿಗೆ ಹೆಬ್ಬಾಗಿಲಾಯಿತು. ಇಲ್ಲಿಂದ ಮಾರಿಕುಪ್ಪದವರೆಗೆ ರೈಲುದಾರಿ ಬಿದ್ದಿತು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಬಂದಿತು. ಊರಗಾಂ, ಚಾಂಪಿಯನ್ ರೀಫ್, ನಂದಿದುರ್ಗ, ಮೈಸೂರು ಎಂದು ಗಣಿಗೊಂದು ಹೆಸರು. ದೊರೆಗಳಿಗೆ ಬಂಗಲೆ, ಕೂಲಿಗಳಿಗೆ ಸಾಲುಮನೆ.

ದೊರೆಗಳಿಗೆ ಕ್ಲಬ್ಬು, ಗಾಲ್ಫು, ಟೆನ್ನಿಸ್ಸು ಇದ್ದವು. ಕೂಲಿಯವರ ಕಾಲಿಗೆ ಸಿಕ್ಕಿದ್ದು ಕಾಲ್ಚೆಂಡು. ಅದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಒಂದು ಚೆಂಡಿಗೆ ಇಪ್ಪತ್ತೆರಡು ಜನ ಆಡಬಹುದು, ಸಾವಿರ ಜನ ನೋಡಬಹುದು. ಆದರೆ ಇನ್ನೊಂದು ಕಾರಣವೂ ಉಂಟೆಂದು ನನಗೆ ತೋರುತ್ತದೆ. ಚಾಂಪಿಯನ್ ರೀಫ್ ಗಣಿ ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಕಾದ ಬಂಡೆಯ ನಡುವೆ, ಯಾವಾಗ ಸಿಡಿದೀತೋ ಎಂಬ ಭಯದಲ್ಲಿ, ಒಂದು ಪಾಳಿ ಕಳೆದು ಮೇಲೆ ಬಂದವನಿಗೆ ಬಯಲು ಎಂಬುದೇ ಒಂದು ಭಾಗ್ಯ. ಅಲ್ಲಿ ಓಡಬಹುದು, ತಲೆ ಎತ್ತಿದರೆ ಆಕಾಶ ಕಾಣುತ್ತದೆ. "ಕೆಳಗಿದ್ದಾಗ ಬಗ್ಗಿದ ಬೆನ್ನು ಬಯಲಿಗೆ ಬಂದಾಗ ನೆಟ್ಟಗಾಗುತ್ತಿತ್ತು" ಎಂದು ನಮ್ಮ ತಾತ ಹೇಳುತ್ತಿದ್ದರು. ಅವರು ಟೇಲರ್ ಕಂಪೆನಿಯ ಕಾಲದವರು. ಸುರಂಗದಲ್ಲಿ ಮರದ ಊರುಗೋಲು ನಿಲ್ಲಿಸುವ ಕೆಲಸ ಅವರದು. ಆಟ ಆಡಿದವರಲ್ಲ, ನೋಡಿದವರು. ಗಣಿಗೂ ಗಣಿಗೂ ಪಂದ್ಯವೆಂದರೆ ಭಾನುವಾರ ಊಟವನ್ನು ಹನ್ನೊಂದಕ್ಕೇ ಮುಗಿಸುತ್ತಿದ್ದರಂತೆ. ತಮಿಳರು, ತೆಲುಗರು, ಕನ್ನಡಿಗರು ಎಲ್ಲರೂ ಸೈನೈಡ್ ಗುಡ್ಡದ ನೆರಳಿನಲ್ಲಿ ನಿಂತು ಕೂಗುವಾಗ ಯಾವ ಭಾಷೆಯೆಂದು ಯಾರೂ ಕೇಳುತ್ತಿರಲಿಲ್ಲ.

ಆದರೆ ಬಯಲು ಕಂಪೆನಿಯದು. ಚೆಂಡು ಕಂಪೆನಿಯದು. ಗೋಲಿನ ಕಂಬ, ಸುಣ್ಣದ ಗೆರೆ, ಆಟಗಾರನಿಗೆ ಕೊಡುವ ರಜೆ, ಎಲ್ಲವೂ ಕಂಪೆನಿಯದೇ. ಹೀಗಾಗಿ ಕಂಪೆನಿ ಕೈ ಬದಲಾಯಿಸಿದಾಗಲೆಲ್ಲ ಆಟವೂ ಕೈ ಬದಲಾಯಿಸಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಯಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಒಡೆತನ ಮೂರು ಸಲ ಬದಲಾಯಿತು, ನಾಲ್ಕನೆಯ ಸಲಕ್ಕೆ ಒಡೆಯನೇ ಇಲ್ಲವಾದ. ಈ ನಾಲ್ಕು ಸಲದಲ್ಲಿ ಒಮ್ಮೆಯೂ, ಬೇಲಿಯಾಚೆ ನಿಂತು ನೋಡುತ್ತಿದ್ದ ಜನರನ್ನು ಆಟದ ಗತಿಯೇನೆಂದು ಯಾರಾದರೂ ಕೇಳಿದ್ದುದನ್ನು ನಮ್ಮ ಮನೆಯ ಹಿರಿಯರು ಕಂಡವರಲ್ಲ.

ಅಂದು ನಾನು ಪಾಠ ಹೇಳಿದ ಶಾಸನದ ಮಾತಿಗೆ ಬರುತ್ತೇನೆ. ನಮ್ಮ ಹಳೆಯ ದಾನಪತ್ರ, ಕ್ರಯಪತ್ರಗಳಲ್ಲಿ ಭೂಮಿಯನ್ನು ಕೊಡುವಾಗ ಅಷ್ಟಭೋಗ ತೇಜಸ್ವಾಮ್ಯ ಸಹಿತವಾಗಿ ಕೊಡುವುದು ರೂಢಿ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ: ಇವು ಎಂಟು ಭೋಗಗಳು. ಹೂತಿಟ್ಟ ಹೊನ್ನು, ನೀರು, ಕಲ್ಲು, ಈಗಿರುವ ಫಲ, ಮುಂದೆ ಬರಬಹುದಾದ ಫಲ, ಇವುಗಳಲ್ಲಿ ಒಂದನ್ನೂ ನಮ್ಮ ಹಿರಿಯರು ಮರೆಯಲಿಲ್ಲ. ಎಷ್ಟು ಜಾಣರು! ಚಿನ್ನದ ಗಣಿಯ ಮಟ್ಟಿಗಂತೂ ನಿಧಿ ನಿಕ್ಷೇಪಗಳು ಬರಿಯ ಮಾತಲ್ಲ, ಅಕ್ಷರಶಃ ಸತ್ಯ. ಆದರೆ ಆ ನೆಲದ ಮೇಲೆ ಜನ ಐವತ್ತು ವರ್ಷ ನಿಂತು ಕೂಗಿದ್ದು, ಅಪ್ಪನ ಹೆಗಲ ಮೇಲೆ ಕುಳಿತು ಮಗ ನೋಡಿದ್ದು, ಇದು ಯಾವ ಭೋಗ? ಎಂಟರಲ್ಲಿ ಇದು ಸೇರುವುದಿಲ್ಲ. ಹೆಸರಿಲ್ಲದ ಹಕ್ಕನ್ನು ಕೊಟ್ಟವರೂ ಇಲ್ಲ, ಕೊಂಡವರೂ ಇಲ್ಲ. ಅದು ಎಲ್ಲಿಯೋ ನಡುವೆ ಬಿದ್ದುಹೋಗುತ್ತದೆ.

ಬಿದ್ದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ಗಣಿ ಮುಚ್ಚಿದಾಗ ನನಗೆ ಇಪ್ಪತ್ತೊಂದು ವರ್ಷ. ಅಪ್ಪ ಆಗ ಮನೆಯಲ್ಲಿಯೇ ಇರುತ್ತಿದ್ದರು. ಮುಂದಿನ ತಿಂಗಳ ಒಂದು ಭಾನುವಾರ, ಅಭ್ಯಾಸ ಬಲದಿಂದ, ನಾಲ್ಕು ಗಂಟೆಗೆ ಚಪ್ಪಲಿ ಮೆಟ್ಟಿ ಬಯಲಿಗೆ ಹೊರಟರು. ನಾನೂ ಜೊತೆಗೆ ಹೋದೆ. ಅವರಂತೆಯೇ ಮೂವತ್ತು ನಲವತ್ತು ಮಂದಿ ಬಂದಿದ್ದರು. ನೆಲದ ಮೇಲೆ ಗೆರೆ ಇರಲಿಲ್ಲ. ಗೆರೆ ಎಳೆಯುತ್ತಿದ್ದವನಿಗೆ ಸಂಬಳ ಕೊಡುವವರೇ ಇರಲಿಲ್ಲವಲ್ಲ! ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ ನಿಂತರು. ಆ ಮೇಲೆ ಒಬ್ಬರು ಮನೆಗೆ ಹೋಗಿ, ಹಬ್ಬಕ್ಕೆ ಗೋಡೆ ಬಳಿದು ಉಳಿದಿದ್ದ ಸುಣ್ಣವನ್ನು ಬಕೀಟಿನಲ್ಲಿ ಕಲಸಿ ತಂದರು. ಅಪ್ಪ ತೆಂಗಿನ ಹಗ್ಗದ ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ ಹಿಡಿದೆ. ಗೆರೆ ಅಂಕುಡೊಂಕಾಗಿ ಬಂದಿತು. ಆದರೂ ಆಟ ನಡೆಯಿತು. "ಅಪ್ಪಾ, ಈ ಬಯಲು ಈಗ ಯಾರದು?" ಎಂದೆ. "ಸುಣ್ಣ ನಮ್ಮದು, ಅಷ್ಟು ಮಾತ್ರ ಗೊತ್ತು" ಎಂದರು.

ಹಾಗೆ ಒಂದು ಐದಾರು ತಿಂಗಳು ನಡೆದಿರಬೇಕು. ಬಳಿಕ ಜನ ಕಡಿಮೆಯಾದರು. ದುಡಿಮೆಗೆಂದು ಮುಂಜಾವಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರಿಗೆ ಭಾನುವಾರವೆಂದರೆ ನಿದ್ರೆಯ ದಿನ. ಒಂದು ವಾರ ನೋಡಿದರೆ ಗೋಲಿನ ಕಬ್ಬಿಣದ ಕಂಬಗಳು ಮಾಯವಾಗಿದ್ದವು. ಯಾರೋ ಗುಜರಿಗೆ ಹಾಕಿದ್ದರು. ದೂರು ಕೊಡೋಣವೆಂದರೆ ಕಂಬ ನಮ್ಮದೆಂದು ಹೇಳುವ ಹಕ್ಕು ಯಾರಿಗಿತ್ತು? ಅಭಿಮಾನ ಬೆಟ್ಟದಷ್ಟಿತ್ತು, ಕಾಗದ ಒಂದೂ ಇರಲಿಲ್ಲ.

ಇದೇ ಕಾಲದ ಇನ್ನೊಂದು ಊರನ್ನು ನೋಡಬೇಕು. ನಮ್ಮ ಗಣಿಯನ್ನು ಆಳುತ್ತಿದ್ದ ಸಂಸ್ಥೆಯ ಊರಾದ ಲಂಡನ್ನಿನಲ್ಲಿಯೇ, ಥೇಮ್ಸ್ ಐರನ್‌ವರ್ಕ್ಸ್ ಎಂಬ ಹಡಗಿನ ಕಾರ್ಖಾನೆಯ ಕೆಲಸಗಾರರಿಗಾಗಿ 1895ರಲ್ಲಿ ಒಂದು ಕಾಲ್ಚೆಂಡಿನ ತಂಡ ಹುಟ್ಟಿತು. ಐದು ವರ್ಷವಾದ ಮೇಲೆ, 1900ರಲ್ಲಿ, ಆ ತಂಡ ಕಾರ್ಖಾನೆಯಿಂದ ಬೇರೆಯಾಗಿ ವೆಸ್ಟ್ ಹ್ಯಾಮ್ ಯುನೈಟೆಡ್ ಎಂಬ ಸ್ವಂತ ಕಂಪೆನಿಯಾಯಿತು. 1912ರಲ್ಲಿ ಕಾರ್ಖಾನೆ ಮುಚ್ಚಿತು, ತಂಡ ಮಾತ್ರ ಮುಚ್ಚಲಿಲ್ಲ. ಹಡಗು ಕಟ್ಟುವವರ ಜೋಡಿ ಸುತ್ತಿಗೆ ಇಂದಿಗೂ ಅದರ ಲಾಂಛನ. ನಮ್ಮವರ ಅಭಿಮಾನ ಅವರದಕ್ಕಿಂತ ಕಡಿಮೆಯಾಗಿರಲಿಲ್ಲ. ಅವರ ತಂಡ ಕಾಲಕ್ಕೆ ಸರಿಯಾಗಿ ಯಜಮಾನನ ಕಿಸೆಯಿಂದ ಹೊರಗೆ ಬಂದಿತ್ತು. ನಮ್ಮದು ಕೊನೆಯವರೆಗೂ ಕಿಸೆಯಲ್ಲಿಯೇ ಉಳಿದು, ಅಂಗಿಯೊಡನೆ ಹೋಯಿತು.

ಇದು ಚಿನ್ನದ ಗಣಿಯೊಂದರ ಕಥೆಯಲ್ಲ. ನಮ್ಮ ದೇಶದ ಹೆಸರಾಂತ ತಂಡಗಳಲ್ಲಿ ಎಷ್ಟೋ ತಂಡಗಳು ಕಾರ್ಖಾನೆಯ ಮಕ್ಕಳು. ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ.; ಮುಂಬಯಿಯಲ್ಲಿ ಮಹೀಂದ್ರ; ಪಂಜಾಬಿನಲ್ಲಿ ಜೆ.ಸಿ.ಟಿ. ಮಹೀಂದ್ರ ತಂಡವನ್ನು 2010ರಲ್ಲಿ, ಜೆ.ಸಿ.ಟಿ. ತಂಡವನ್ನು 2011ರಲ್ಲಿ ಅವುಗಳ ಒಡೆಯರೇ ಮುಚ್ಚಿದರು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ.ಯ ಒಡೆತನ ಜೆ.ಎಸ್.ಡಬ್ಲ್ಯು. ಸಮೂಹದ್ದು. ಅಂದು ಚಿನ್ನ, ಇಂದು ಉಕ್ಕು. ಒಡೆಯರನ್ನು ಬರಿದೇ ದೂರುವುದು ನ್ಯಾಯವಲ್ಲ. ಅವರ ಹಣವಿಲ್ಲದೆ ಆ ತಂಡ ಮೊದಲ ವರ್ಷವೇ ಐ-ಲೀಗ್ ಗೆಲ್ಲುತ್ತಿರಲಿಲ್ಲ, 2016ರಲ್ಲಿ ಏಷ್ಯದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ಏರುತ್ತಿರಲಿಲ್ಲ, 2019ರಲ್ಲಿ ಐ.ಎಸ್.ಎಲ್. ಕಿರೀಟವೂ ದೊರೆಯುತ್ತಿರಲಿಲ್ಲ. 2025ರ ಸಂಕಟಕ್ಕೆ ಮೂಲವೂ ಕ್ಲಬ್ಬಿನದಲ್ಲ. ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಗೂ ಅದರ ವಾಣಿಜ್ಯ ಪಾಲುದಾರರಿಗೂ ಇದ್ದ ಕರಾರಿನ ಅವಧಿ ಮುಗಿಯಲು ಬಂದು, ಹೊಸ ಕರಾರು ಆಗದೆ, ಆ ಸೆಪ್ಟೆಂಬರಿನಲ್ಲಿ ಎಂದಿನಂತೆ ಲೀಗು ಆರಂಭವಾಗಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತಾಯಿತು. ಅದೇ ವರ್ಷ ಹೈದರಾಬಾದಿನ ಕ್ಲಬ್ಬು ದೆಹಲಿಗೆ ಹೋಗಿ ಹೆಸರನ್ನೇ ಬದಲಾಯಿಸಿಕೊಂಡಿತು. ಅಲ್ಲಿ ಹಳದಿ ಅಂಗಿ ಕೊಂಡಿದ್ದ ಹುಡುಗರು ಈಗ ಯಾರಿಗೆ ಕೂಗಬೇಕು?

ಪ್ರತ್ಯೇಕ ಕಂಪೆನಿಯಾದ ಮಾತ್ರಕ್ಕೆ ರಕ್ಷಣೆ ದೊರೆಯದೆಂಬುದಕ್ಕೆ ಇಂಗ್ಲೆಂಡಿನಲ್ಲಿಯೇ ಸಾಕ್ಷಿಯುಂಟು. ವಿಂಬಲ್ಡನ್ ಕ್ಲಬ್ಬನ್ನು ಸುಮಾರು ತೊಂಬತ್ತು ಕಿಲೋಮೀಟರು ದೂರದ ಮಿಲ್ಟನ್ ಕೀನ್ಸ್ ಎಂಬ ಊರಿಗೆ ಒಯ್ಯಲು 2002ರಲ್ಲಿ ಅನುಮತಿ ದೊರೆಯಿತು. ಅಲ್ಲಿನ ಅಭಿಮಾನಿಗಳು ಅತ್ತು ಸುಮ್ಮನಾಗಲಿಲ್ಲ. ಅದೇ ವರ್ಷ ತಮ್ಮದೇ ಹೊಸ ಕ್ಲಬ್ಬು ಕಟ್ಟಿ, ತೀರ ಕೆಳಗಿನ ಮೆಟ್ಟಿಲಿನಿಂದ ಆಡುತ್ತ ಬಂದು, 2011ರಲ್ಲಿ ದೇಶದ ದೊಡ್ಡ ಲೀಗಿಗೆ ಸೇರಿದರು. 2020ರಲ್ಲಿ ತಮ್ಮ ಹಳೆಯ ಬಯಲಿನ ಹತ್ತಿರವೇ ಹೊಸ ಬಯಲಿಗೆ ಮರಳಿದರು. ಜರ್ಮನಿಯಲ್ಲಿ 1998ರಿಂದ ಒಂದು ನಿಯಮವಿದೆ. ಹೊರಗಿನವರು ಎಷ್ಟೇ ಹಣ ಹಾಕಲಿ, ಕೆಲವು ಅಪವಾದಗಳನ್ನು ಬಿಟ್ಟರೆ, ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಒಂದಾದರೂ ಹೆಚ್ಚು ಮತ ಸದಸ್ಯರ ಸಂಘದ ಕೈಯಲ್ಲಿರಬೇಕು. ನಮ್ಮ ಶಾಸನಗಳು ಬರೆಯದೆ ಬಿಟ್ಟ ಒಂಬತ್ತನೆಯ ಭೋಗವನ್ನು ಅವರು ಕಾನೂನಿನ ಭಾಷೆಯಲ್ಲಿ ಬರೆದಿದ್ದಾರೆ, ಅಷ್ಟೆ.

ಮರುದಿನ ಆ ಹುಡುಗನನ್ನು ಕರೆದು ಇಷ್ಟನ್ನೂ ಹೇಳಿದೆ. "ಮಾರಿದರೆ ಏನು ಮಾಡಬೇಕೆಂದು ಮಾರಿದ ಮೇಲೆ ಯೋಚಿಸಬೇಡಿ. ನೂರು ಜನ ಸೇರಿ ಇಂದೇ ಒಂದು ಸಂಘ ಮಾಡಿ. ನಮ್ಮ ರಾಜ್ಯದಲ್ಲಿ 1960ರ ಸಂಘಗಳ ನೋಂದಣಿ ಕಾಯಿದೆ ಇದೆ, ಅದರಡಿಯಲ್ಲಿ ನೋಂದಾಯಿಸಿ. ಒಡೆಯರು ಯಾರಾದರೂ ಆಗಲಿ, ನಮ್ಮದೊಂದು ಕುರ್ಚಿ ಬೇಕೆಂದು ಕಾಗದದಲ್ಲಿ ಕೇಳಿ. ಹೆಸರನ್ನೂ ಬಣ್ಣವನ್ನೂ ಊರನ್ನೂ ನಮ್ಮನ್ನು ಕೇಳದೆ ಬದಲಾಯಿಸಬಾರದೆಂದು ಕೇಳಿ. ಕೊಡುತ್ತಾರೋ ಇಲ್ಲವೋ, ಕೇಳಿದ್ದಕ್ಕೆ ದಾಖಲೆಯಾದರೂ ಇರುತ್ತದೆ. ನಮ್ಮ ಅಪ್ಪನ ಕಾಲದವರ ಹತ್ತಿರ ಒಂದು ಬಕೀಟು ಸುಣ್ಣ ಬಿಟ್ಟು ಬೇರೇನೂ ಇರಲಿಲ್ಲ" ಎಂದೆ.

ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. "ಸಂಘವೇನೋ ಮಾಡಬಹುದು ಸಾರ್. ಆದರೆ ಅಧ್ಯಕ್ಷರು ಯಾರಾಗಬೇಕೆಂದು ಜಗಳ ಬರುತ್ತದೆ" ಎಂದ.

"ಬರಲಿ" ಎಂದೆ. "ಇಷ್ಟು ವರ್ಷ ನಡೆದದ್ದೆಲ್ಲ ಬೇರೆಯವರ ಜಗಳ. ಇದಾದರೂ ನಮ್ಮದಾಗಿರಲಿ."