ಗೋಡೆ ಮೇಲೆ ನಾಲ್ಕು ಎಂಟು

ಮನೆ ರೌಟರ್‌ನಲ್ಲಿ ಡಿಎನ್‌ಎಸ್ ಅನ್ನೋ ಖಾನೆ ಕಂಡಾಗೆಲ್ಲ ನನಗೆ ಇಸ್ತಾಂಬುಲ್‌ನ ಗೋಡೆಗಳು ನೆನಪಾಗುತ್ತವೆ.

ಮೊದಲು ನೆಟ್‌ವರ್ಕಿನ ಕಂಪ್ಯೂಟರುಗಳ ಹೆಸರು, ವಿಳಾಸ ಎಲ್ಲ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ನೆಟ್‌ವರ್ಕ್ ಬೆಳೆದು ಪಟ್ಟಿ ಕೈಮೀರಿದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಪಟ್ಟಿ ಹಲವು ಸರ್ವರುಗಳಿಗೆ ಹಂಚಿಹೋಯಿತು. ಹೆಸರು ಹೇಳಿದರೆ ಅವು ಸಂಖ್ಯೆ ಹುಡುಕಿ ಕೊಡುತ್ತವೆ.

ಆದ್ರೆ ನಾವು ಕೇಳೋದು ಯಾರನ್ನ? ನಾವಾಗಿ ಬದಲಿಸದಿದ್ದರೆ, ಸಾಮಾನ್ಯವಾಗಿ ಇಂಟರ್ನೆಟ್ ಕೊಡುವ ಕಂಪನಿಯನ್ನ. 2014ರ ಮಾರ್ಚ್‌ನಲ್ಲಿ, ಸ್ಥಳೀಯ ಚುನಾವಣೆಗೆ ಹತ್ತು ದಿನವಿದ್ದಾಗ, ಟರ್ಕಿ ಸರ್ಕಾರ ಟ್ವಿಟರ್ ತಡೆಯಿತು. ಅಲ್ಲಿನ ಕಂಪನಿಗಳ ಡಿಎನ್‌ಎಸ್ ಟ್ವಿಟರ್‌ಗೆ ದಾರಿ ತೋರಿಸೋದನ್ನ ಬಿಟ್ಟಿತು. ಗೂಗಲ್ ಡಿಎನ್‌ಎಸ್‌ನ ಸಂಖ್ಯೆ 8.8.8.8 ಅನ್ನು ಜನ ಗೋಡೆಗಳ ಮೇಲೆ ಸ್ಪ್ರೇ ಪೇಂಟಲ್ಲಿ ಬರೆದರು. ಖಾನೆಯಲ್ಲಿ ಅದನ್ನು ತುಂಬಿದರೆ ಟ್ವಿಟರ್ ತೆರೆಯುತ್ತಿತ್ತು. ಕೆಲವೇ ದಿನಗಳಲ್ಲಿ ಟ್ವಿಟರ್‌ನ ಐಪಿ ವಿಳಾಸಕ್ಕೇ ತಡೆ ಬಿತ್ತು. ತಿಂಗಳ ಕೊನೆಗೆ, 8.8.8.8ಕ್ಕೆ ಹೋದ ಪ್ರಶ್ನೆಗಳಿಗೆ ಗೂಗಲ್ ಸೋಗಿನಲ್ಲಿ ಸ್ಥಳೀಯ ಕಂಪನಿಗಳೇ ಉತ್ತರಿಸತೊಡಗಿದವು.

ಸಂಖ್ಯೆ ಸರಿಯಿದ್ದರೂ ಉತ್ತರ ಕೊಡುವವನು ಬೇರೆಯಾಗಿರಬಹುದು. ಅದಕ್ಕೇ, ಸೈಟ್ ತೆರೀತಿಲ್ಲ ಅಂತ ಡಿಎನ್‌ಎಸ್ ಬದಲಿಸುವವರಿಗೆಲ್ಲ ನಾನು ಹೇಳೋದಿಷ್ಟು: ರೌಟರ್‌ನಲ್ಲಿ ಎನ್‌ಕ್ರಿಪ್ಟೆಡ್ ಡಿಎನ್‌ಎಸ್ ಇದ್ದರೆ ಅದನ್ನೂ ಆನ್ ಮಾಡಿ.